ಸಮಾನತೆಯೂ ಸಮಾನಾವಕಾಶವೂ

ಎಲ್ಲರೂ ಸಮಾನರೆಂಬ ಮಾತನ್ನು ನಾವು ದಿನವೂ ಮಕ್ಕಳಿಗೆ ಬೋಧಿಸುತ್ತೇವೆ. ಆದರೆ ಸಮಾನತೆಯೆಂದರೆ ಎಲ್ಲರಿಗೂ ಬಾಗಿಲು ತೆರೆಯುವುದೋ, ಎಲ್ಲರನ್ನೂ ಒಂದೇ ಅಚ್ಚಿಗೆ ಒತ್ತುವುದೋ ಎಂದು ವಿಚಾರಿಸುವುದು ವಿರಳ.

ನನ್ನ ಅನುಭವದ ಒಂದು ಸಂಗತಿಯನ್ನು ವಾಚಕರ ಮುಂದಿಡುತ್ತೇನೆ. ಪಾಲಮೂರು ಸೀಮೆಯವರು ಕೂಲಿಗಾಗಿ ದೂರದ ಊರುಗಳಿಗೆ ವಲಸೆ ಹೋಗುವುದು ಹೊಸತಲ್ಲ. ಹಾಗೆ ತಂದೆತಾಯಿಗಳೊಡನೆ ಹೋಗಿದ್ದ ಬಾಲಕನೊಬ್ಬನು ನಾಲ್ಕು ತಿಂಗಳ ಮೇಲೆ ಮರಳಿದನು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳನ್ನು ಅದೇ ತರಗತಿಯಲ್ಲಿ ಹಿಂದೆ ಉಳಿಸಬಾರದೆಂದು ವಿಧಿಸಿತ್ತು. ನಾನು ಅವನನ್ನೂ ಮುಂದಿನ ತರಗತಿಗೆ ಕಳುಹಿಸಿದೆನು. ಫಲಿತಾಂಶದ ಪಟ್ಟಿಯಲ್ಲಿ ಎಲ್ಲರೂ ಸಮಾನರಾದರು. ಒಂದು ದಿನ ಅವನೇ ಬಂದು, "ಸರ್, ನನಗ ಒತ್ತಕ್ಷರ ಓದ್ಲಾಕ ಬರಲ್ರಿ" ಎಂದನು. ನಾನು ತಲೆತಗ್ಗಿಸಿದೆನು.

ಹಾಗಾದರೆ ಅವನನ್ನು ಅನುತ್ತೀರ್ಣಗೊಳಿಸಬೇಕಿತ್ತು, ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಪತ್ರಿಕೆ ಒಂದೇ, ನಿಜ. ಪಾಠ ಕೇಳಿದ ದಿನಗಳು ಒಂದೇ ಆಗಿರಲಿಲ್ಲ. ಬಾಗಿಲು ತೆರೆದಿದೆಯೆಂದು ಸಾರಿದರೆ ಸಾಲದು. ಅಲ್ಲಿಯವರೆಗೆ ನಡೆದುಬರಲು ದಾರಿಯೂ ಬೇಕು.

ಮೈಸೂರು ಸಂಸ್ಥಾನದಲ್ಲಿಯೂ ಇಂಥದೇ ವಿವಾದವೆದ್ದಿತ್ತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳಿಗೆ ಪಾಲು ದೊರಕಿಸುವ ವಿಚಾರಕ್ಕೆ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಗೆ ಧಕ್ಕೆಯಾದೀತೆಂದು ದಿವಾನ್ ವಿಶ್ವೇಶ್ವರಯ್ಯನವರು ಒಪ್ಪದೆ ಪದವಿಯನ್ನು ತ್ಯಜಿಸಿದರು. ಇಬ್ಬರೂ ನಾಡಿನ ಹಿತವನ್ನೇ ಬಯಸಿದವರು. ಅರ್ಹತೆ ಬೇಕೆಂಬುದು ಸತ್ಯ. ಅದು ಬೆಳೆಯಲು ನೆಲ ನೀರು ಬೇಕೆಂಬುದೂ ಸತ್ಯ.

ಗಡಿನಾಡಿನ ಕನ್ನಡಿಗರಾದ ನಾವು ಇದನ್ನು ಬಲ್ಲೆವು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ. ಮಕ್ತಲದ ಒಂದು ಮಗುವಿಗೆ ಕನ್ನಡ, ನೆರೆಮನೆಯ ಮಗುವಿಗೆ ತೆಲುಗು: ಪುಸ್ತಕ ಬೇರೆ, ಹಕ್ಕು ಒಂದೇ.

ನಾರಾಯಣಪೇಟೆಯ ಮಗ್ಗವನ್ನು ನೋಡಿರಿ. ಹಾಸಿನ ಎಳೆಗಳೆಲ್ಲ ಸಮನಾದ ಬಿಗಿಯಲ್ಲಿರಬೇಕು. ಸಡಿಲಾದ ಎಳೆಗೆ ನೇಕಾರನ ಕೈ ಮೊದಲು ಹೋಗುತ್ತದೆ. ಎಳೆಗಳೆಲ್ಲ ಒಂದೇ ಬಣ್ಣದವಾಗಲೆಂದು ಅವನು ಹಠ ಹಿಡಿದರೆ ಅಂಚೂ ಕಾಣದು, ಸೆರಗೂ ಕಾಣದು.

ಆ ಬಾಲಕನನ್ನು ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಓದಿಸತೊಡಗಿದೆನು. ಮಿಕ್ಕವರಿಗೆ ಕೊಡದ ಆ ಅರ್ಧ ಗಂಟೆ ಅಸಮಾನತೆಯೇ? ಇರಬಹುದು. ಆದರೂ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ನಾನು ಸಮವಾಗಿ ಬರೆದ 'ಉತ್ತೀರ್ಣ' ಎಂಬ ಪದಕ್ಕಿಂತ ಅದರಲ್ಲಿ ಹೆಚ್ಚು ನ್ಯಾಯವಿದೆಯೆಂದು ನಂಬಿದ್ದೇನೆ.