ವರದಿ ಒಯ್ಯುವ ದೇವರು

ಡೊಂಬಿವಲಿ ಪೂರ್ವದ ಒಂದು ಮನೆ, ಭಾದ್ರಪದ ಮಾಸ. ಮೊಮ್ಮಗಳು ಕನ್ನಡದಲ್ಲಿ ಕಾದಂಬರಿ ಬರೆಯುತ್ತಿದ್ದಾಳೆ. ಅದರ ಲೋಕ, ಊರು, ದೇವರು ಎಲ್ಲವೂ ಕಲ್ಪಿಸಿದ್ದೇ. ಕಾಕಾ ಥಾಣೆ ಜಿಲ್ಲೆಯ ನೀರು ಸರಬರಾಜಿನಲ್ಲಿ ದುಡಿದು ನಿವೃತ್ತರಾದವರು. ಅಜ್ಜಿ ಬಾಗಲಕೋಟೆ ಕಡೆಯವರು.

ಮೊಮ್ಮಗಳು: ನನ್ನ ಲೋಕಕ್ಕೆ ಇಬ್ಬರು ದೇವರು ಸಿಕ್ಕಿದ್ದಾರೆ ಕಾಕಾ. ಮೋಡದ ಮೇಲೆ ಕೂತು ಮಳೆ ಸುರಿಸುವವನು ಒಬ್ಬ. ಕೆಳಗೆ ಖಾಡಿಯಲ್ಲಿ, ಅಂದರೆ ಸಮುದ್ರ ನೆಲದೊಳಗೆ ನುಗ್ಗಿದ ಕಡೆ ಇದ್ದು, ಆ ನೀರನ್ನು ಮಡಿಲಿಗೆ ಹಾಕಿಕೊಳ್ಳುವವಳು ಇನ್ನೊಬ್ಬಳು. ಜನ ತಪ್ಪಿದರೆ ಮೇಲಿನವನಿಗೆ ಸಿಟ್ಟು ಬರುತ್ತೆ, ಬರ ಬೀಳುತ್ತೆ.

ಕಾಕಾ: ಯಾವ ಜನ? ಯಾರ ತಪ್ಪು?

ಮೊಮ್ಮಗಳು: ರಾಜನದ್ದು ಅಂತಲೇ ಇಟ್ಟುಕೊಳ್ಳಿ. ಅಂಗದೇಶದ ರೋಮಪಾದನ ಕಥೆ ಹಾಗೇ ಇದೆಯಲ್ಲ. ರಾಜ ಬ್ರಾಹ್ಮಣನಿಗೆ ಮೋಸ ಮಾಡಿದ, ಮಳೆ ನಿಂತಿತು. ಋಷ್ಯಶೃಂಗನನ್ನು ಕಾಡಿನಿಂದ ಕರೆತಂದು ಅವನ ಕಾಲು ನೆಲಕ್ಕೆ ತಾಗಿದ ಮೇಲೆಯೇ ಮಳೆ ಬಂತು. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಇವತ್ತಿಗೂ ಮಳೆಗಾಗಿ ಅವನ ಹೆಸರಿನ ದೇವರಿಗೆ ಪೂಜೆ ಮಾಡಿಸುತ್ತಾರೆ.

ಕಾಕಾ: ರಾಜ ಸುಳ್ಳು ಹೇಳಿದ, ಒಪ್ಪಿದೆ. ಆದ್ರ ಮೊದಲು ಬತ್ತಿದ್ದು ಯಾರ ಬಾವಿ? ಅರಮನಿದಂತೂ ಇರಲಿಕ್ಕಿಲ್ಲ. ನಾ ಇಲ್ಲೇ ಥಾಣೆ ಜಿಲ್ಲೆಯ ಶಹಾಪುರ ತಾಲೂಕಿನಾಗ ಕೆಲಸ ಮಾಡೀನಿ. ಅಲ್ಲಿ ವರ್ಷಕ್ಕ 2000 ಮಿಲಿಮೀಟರಿಗೂ ಹೆಚ್ಚು ಮಳಿ. ನಮ್ಮ ಬಾಗಲಕೋಟಿ ಕಡೆ ಬೀಳೂದು 600ರ ಆಸುಪಾಸು. ಶಹಾಪುರದ ತಾನ್ಸಾ ಅಣೆಕಟ್ಟು 1892ರದು. ಆಮ್ಯಾಲೆ ಮೋಡಕ್ ಸಾಗರ ಬಂತು, ಭಾತ್ಸಾ ಬಂತು. ಮುಂಬಯಿ ಕುಡಿಯೋ ನೀರಿನಾಗ ಹತ್ತಿರ ಹತ್ತಿರ ಅರ್ಧ ಭಾತ್ಸಾದ್ದು. ಅದೇ ಗುಡ್ಡದಾಗಿನ ಪಾಡಾಗಳಿಗೆ, ಸಣ್ಣ ಸಣ್ಣ ಹಾಡಿಗಳಿಗೆ, ಏಪ್ರಿಲ್, ಮೇ ತಿಂಗಳು ಟ್ಯಾಂಕರ್ ಬರ್ತದ. ಬಂದು ಒಣಗಿದ ಬಾವಿಯೊಳಗೇ ನೀರು ಬಿಡ್ತದ. ತಳದ ಕೆಸರು ಕಲಕಿ ಮ್ಯಾಲೆ ಏಳ್ತದ, ಅದು ಕೂಡೋತನಕ ಕಾಯಲಿಕ್ಕೆ ಯಾರಿಗೂ ಪುರಸೊತ್ತಿಲ್ಲ, ಹೆಣ್ಣುಮಕ್ಕಳು ಸುತ್ತಲೂ ನಿಂತು ಹಗ್ಗ ಬಿಟ್ಟು ಸೇದ್ತಾರ. ಅವರು ಯಾರಿಗೆ ಸುಳ್ಳು ಹೇಳಿದ್ದರು?

ಮೊಮ್ಮಗಳು: ಹಾಗಾದರೆ ಸಿಟ್ಟಿನ ದೇವರನ್ನು ಬಿಟ್ಟೆ. ಮಳೆಗೆ ಯಾವುದೂ ಗೊತ್ತಿಲ್ಲ ಅನ್ನೋಣ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿತ್ತು. ವಿಜಯಪುರಕ್ಕೆ ಇಡೀ ವರ್ಷದಲ್ಲಿ ಅಷ್ಟು ಬೀಳಲ್ಲ. ಕಲ್ಯಾಣ್, ಬದ್ಲಾಪುರದಲ್ಲಿ ಉಲ್ಹಾಸ್ ನದಿ ಮನೆಗಳಿಗೆ ನುಗ್ಗುವಾಗ ಒಳಗಿರುವವರು ಒಳ್ಳೆಯವರೋ ಕೆಟ್ಟವರೋ ಅಂತ ಕೇಳಲಿಲ್ಲ. ನನ್ನ ಮಳೆದೇವರು ಕುರುಡನಾಗಿರಲಿ.

ಕಾಕಾ: ಕುರುಡು ಮಳಿಗೆ ದೇವರು ಯಾಕ ಬೇಕು? ಹವಾಮಾನ ಇಲಾಖೆ ಸಾಕು. ದೇವರು ಅಂದಮ್ಯಾಲೆ ಎದುರಿಗೆ ನಿಂತು ಮಾತಾಡ್ಲಿಕ್ಕೆ ಬರಬೇಕು.

ಮೊಮ್ಮಗಳು: ವರುಣನ ಹತ್ತಿರ ಮಾತಾಡುತ್ತಿದ್ದರು. ಋಗ್ವೇದದಲ್ಲಿ ಅವನು ಬರೀ ನೀರಿನ ಒಡೆಯ ಅಲ್ಲ, ಋತವನ್ನು, ಅಂದರೆ ಲೋಕದ ನಿಯಮವನ್ನು, ಕಾಯುವವನು. ಅವನ ಗೂಢಚಾರರು ಲೋಕವನ್ನೆಲ್ಲ ನೋಡುತ್ತಿರುತ್ತಾರೆ, ತಪ್ಪಿದವರನ್ನು ಅವನು ಪಾಶದಲ್ಲಿ ಕಟ್ಟುತ್ತಾನೆ. ಐತರೇಯ ಬ್ರಾಹ್ಮಣದಲ್ಲಿ ಹರಿಶ್ಚಂದ್ರ ಮಗನನ್ನೇ ಬಲಿ ಕೊಡ್ತೀನಿ ಅಂತ ವರುಣನಿಗೆ ಮಾತು ಕೊಟ್ಟು, ದಿನ ಮುಂದೂಡುತ್ತಾ ಹೋಗುತ್ತಾನೆ. ಕೊನೆಗೆ ಅವನಿಗೆ ಜಲೋದರ ಹಿಡಿಯುತ್ತೆ. ನೀರಿನ ದೇವರಿಗೆ ಕೊಟ್ಟ ಮಾತು ತಪ್ಪಿದವನ ಹೊಟ್ಟೆಯಲ್ಲೇ ನೀರು ತುಂಬಿಕೊಳ್ಳೋದು! ಇದಕ್ಕಿಂತ ಗಟ್ಟಿಯಾದ ಕಲ್ಪನೆ ನನಗೆ ಯಾವ ಪುರಾಣದಲ್ಲೂ ಸಿಕ್ಕಿಲ್ಲ.

ಕಾಕಾ: ಗಟ್ಟಿ ಅದ, ಇಲ್ಲ ಅನ್ನೂದಿಲ್ಲ. ಆದ್ರ ಆ ಗೂಢಚಾರರು ನೋಡೂದು ಏನನ್ನ? ನಮ್ಮ ಸುಳ್ಳು, ನಮ್ಮ ತಪ್ಪು. ಈ ಮನಿಯಾಗ ಕೊಡ ಖಾಲಿ ಐತಿ ಅಂತ ಅವರೊಳಗ ಯಾರರೆ ಹೋಗಿ ಹೇಳಿದ್ದು ಎಲ್ಲಾದ್ರೂ ಬರೆದಾರೇನು?

ಅಜ್ಜಿ: ಅದನ್ನ ಹೇಳಾಕ ಬ್ಯಾರೆಯವ ಅದಾನ. ನೀವಿಬ್ಬರೂ ಅಂವನ್ನ ಮರತೀರಿ.

ಕಾಕಾ: ಗುರ್ಜಿ ಏನವಾ?

ಅಜ್ಜಿ: ಗುರ್ಜಿ ಕೇಳೂದು, ಹೇಳೂದಲ್ಲ. ಮಳಿ ಹೋತಂದ್ರ ಒಬ್ಬ ಹುಡುಗನ ತಲಿ ಮ್ಯಾಲೆ ರೊಟ್ಟಿ ಹಂಚು ಬೋರಲ ಇಟ್ಟು, ಅದರ ಮ್ಯಾಲೆ ಸಗಣಿಯ ಗುರ್ಜಿ ಕೂಡಿಸಿ, ಕರಕಿ ಚುಚ್ಚತಿದ್ದರು. ಮನಿಮನಿ ಮುಂದ ಹೋದಾಗ ಒಂದು ತಂಬಿಗಿ ನೀರು ಹಾಕೂದು, ಆ ಹುಡುಗ ಗರಗರ ತಿರಗೂದು. ಸಗಣಿ ನೀರು ಕಣ್ಣಾಗ ಇಳೀತಿತ್ತು, ಹಲ್ಲು ಕಟಕಟ ಅಂತಿದ್ದುವು, ಆದರೂ ತಿರಗತಿದ್ದ. ಮಳಿ ಹಿಂಗ ಬೀಳಬೇಕು ನೋಡು ಅಂತ ಮ್ಯಾಲಿನಾವಗ ತೋರಸೂದು.

ಕಾಕಾ: ಮರಾಠಿ ಊರುಗಳಾಗ ಇದಕ್ಕ ಧೋಂಡಿ ಅಂತಾರ. ಬೇವಿನ ಸೊಪ್ಪು ಕಟ್ಟಿಕೊಂಡು ಬರ್ತಾರ. ಶಹಾಪುರದ ಗುಡ್ಡದಾಗಿನ ವಾರ್ಲಿಗಳಿಗೆ ನಾರನದೇವ ಮಳಿ ದೇವರು.

ಮೊಮ್ಮಗಳು: ಹೇಳಾಕ ಬೇರೆಯವನು ಇದ್ದಾನೆ ಅಂದೆಯಲ್ಲ ಅಜ್ಜಿ?

ಅಜ್ಜಿ: ಜೋಕುಮಾರ. ಗಣಪತಿ ಬಂದಮ್ಯಾಲೆ ಅಷ್ಟಮಿಗೆ ಹುಟ್ಟತಾನ. ಏಳು ದಿನದ ಆಯುಷ್ಯ. ಹಸೀ ಮಣ್ಣಿನ ಗೊಂಬಿ, ಅಗಲ ಬಾಯಿ, ಮೀಸಿ. ಬುಟ್ಟಿಯಾಗ ಬೇವಿನ ಸೊಪ್ಪು ಹಾಕಿ, ಅದರಾಗ ಕೂಡಿಸಿ, ಅಂಬಿಗೇರ ಹೆಣ್ಣುಮಕ್ಕಳು ತಲಿ ಮ್ಯಾಲೆ ಹೊತ್ಕೊಂಡು ಓಣಿ ಓಣಿ ತಿರಗತಾರ. ಬುಟ್ಟಿ ಇಳಿಸಿ ಹಾಡತಾರ. ನಾವು ಅಂವನ ತುಟಿಗೆ ಬೆಣ್ಣಿ ಸವರಿ, ಮರದಾಗ ಜ್ವಾಳ, ಉಪ್ಪು, ಮೆಣಸಿನಕಾಯಿ ತಂದು ಹಾಕತಿದ್ದಿವಿ. ಅವರು ಬೇವಿನ ಎಲಿ, ಒಂದೀಟು ನುಚ್ಚು ಕೊಡತಿದ್ದರು, ಹೊಲಕ್ಕ ಚೆಲ್ಲಾಕ. ಗಣಪತಿಗೆ ನಾವು ಕಡುಬು ಮಾಡಿ ಹಾಕತೀವಿ. ಸಾಲ ಮಾಡಿಯಾದರೂ ಮಾಡತೀವಿ. ಅಂವ ಉಂಡು ಹೋಗಿ, ಭೂಮಿ ಮ್ಯಾಲೆ ಎಲ್ಲಾರೂ ಚಲೋ ಅದಾರ ಅಂತ ಹೇಳತಾನ. ಅಂವನ ತಪ್ಪಲ್ಲ, ನಾವು ತೋರಿಸಿದ್ದೇ ಅಷ್ಟು. ಜೋಕುಮಾರ ಹಿತ್ತಲ ನೋಡತಾನ, ಹೊಲ ನೋಡತಾನ. ಸತ್ತು ಹೋಗಿ ಶಿವಗ ಹೇಳತಾನ, ಮಳಿ ಇಲ್ಲ, ಪೈರು ಒಣಗೇತಿ, ಮಂದಿ ಕಣ್ಣೀರು ಹಾಕಾಕತ್ತಾರ ಅಂತ. ಆಮ್ಯಾಲೆ ಮಳಿ.

ಮೊಮ್ಮಗಳು: ಇದು ಟೋಲ್ಕೀನ್‌ನಲ್ಲೂ ಇದೆ! 1977ರಲ್ಲಿ ಬಂದ ‘ಸಿಲ್ಮರಿಲಿಯನ್’ನಲ್ಲಿ ಉಲ್ಮೋ ಅಂತ ನೀರಿನ ದೊರೆ ಬರುತ್ತಾನೆ. ಬೇರೆ ದೇವತೆಗಳೆಲ್ಲ ತಮ್ಮ ನಾಡಿನಲ್ಲಿ ಸುಖವಾಗಿದ್ದರೆ ಅವನು ಅಲ್ಲಿ ನಿಲ್ಲುವುದಿಲ್ಲ. ಲೋಕದ ಹೊಳೆ, ತೊರೆಗಳೆಲ್ಲ ಅವನ ಕಿವಿಗೆ ಸೇರುತ್ತವೆ. ಜನರ ಕಷ್ಟ ಮೇಲಿನ ಅರಸನಿಗೆ ತಿಳಿಯದೆ ಹೋಗುತ್ತಿತ್ತು, ಇವನ ಮೂಲಕ ತಿಳಿಯುತ್ತೆ. ಇಂಗ್ಲೆಂಡಿನ ಒಬ್ಬ ಪ್ರೊಫೆಸರ್ ಕಲ್ಪಿಸಿದ ದೇವರೂ ನಮ್ಮ ಅಂಬಿಗೇರ ಬುಟ್ಟಿಯ ದೇವರೂ ಒಂದೇ ಕೆಲಸ ಮಾಡುತ್ತಿದ್ದಾರೆ.

ಕಾಕಾ: ಒಂದು ಪ್ರಶ್ನೆ ಉಳೀತದ. ಶಿವ ಎಲ್ಲಾ ಬಲ್ಲಾಂವ ಅಂತೀವಿ. ಮತ್ತ ಅಂವಗ ವರದಿ ಯಾಕ ಬೇಕು?

ಮೊಮ್ಮಗಳು: ತಿಳಿದಿರುವುದು ಬೇರೆ, ತಟ್ಟುವುದು ಬೇರೆ ಅನ್ನಿಸುತ್ತೆ. ಶಹಾಪುರಕ್ಕೆ ಎಷ್ಟು ಟ್ಯಾಂಕರ್ ಹೋಗುತ್ತೆ ಅಂತ ಕಚೇರಿಗಳಿಗೆ ಗೊತ್ತಿರುತ್ತೆ, ಅಲ್ವಾ ಕಾಕಾ?

ಕಾಕಾ: ಗೊತ್ತಿರ್ತದ. ತಖ್ತೆ ಮಾಡಿ ನಾನೇ ಕಳಿಸೀನಿ.

ಅಜ್ಜಿ: ಕಾಗದಕ್ಕ ಬಾಯಿ ಇಲ್ಲಲ್ಲ ತಮ್ಮಾ.

ಮೊಮ್ಮಗಳು: ನನ್ನ ತೊಡಕು ಈಗ ಇನ್ನೊಂದು. ಇಷ್ಟು ಒಳ್ಳೆಯ ಕೆಲಸ ಮಾಡುವವನನ್ನು ಹುಣ್ಣಿಮೆಗೆ ಕೊಲ್ಲುತ್ತಾರಲ್ಲ. ಅದನ್ನು ನನ್ನ ಲೋಕದಲ್ಲಿ ಹೇಗೆ ಇಡಲಿ?

ಅಜ್ಜಿ: ಅಂವ ಒಳ್ಳೆಯಾಂವ ಅಂತ ಯಾರು ಹೇಳಿದ್ರು? ಹೆಣ್ಣುಮಕ್ಕಳ ಬೆನ್ನು ಹತ್ತಾಂವ ಅಂವ, ಸೆರಗು ಹಿಡಿಯಾಂವ. ಅದಕ್ಕೇ ಬಡದು ಹಾಕತಾರ. ಹಂತಾವನ ಕೈಯಾಗೇ ನಮ್ಮ ಸುದ್ದಿ ಕೊಟ್ಟು ಕಳಸತೀವಿ.

ಕಾಕಾ: ಇದನ್ನ ನಾ ಒಪ್ಪೂದಿಲ್ಲವಾ. ಸುದ್ದಿ ಮುಟ್ಟಸಾಂವ ಸತ್ತರನ ಸುದ್ದಿ ಮುಟ್ಟತದ ಅನ್ನೂ ಲೋಕ ನನಗ ಬ್ಯಾಡ. ಥಾಣೆಯ ಚೆಂದಣಿ ಕೋಳಿವಾಡಾದ ಮೀನುಗಾರರನ್ನ ನೋಡು. ಜೂನ್ 1ರಿಂದ ಜುಲೈ 31ರತನಕ ಮೀನು ಹಿಡಿಯೂದು ಬಂದ್. ನಾರಳೀ ಪೂರ್ಣಿಮಾ ದಿವಸ ಮೆರವಣಿಗಿಲಿಂದ ಹೋಗಿ ಖಾಡಿಗೆ ತೆಂಗಿನಕಾಯಿ ಬಿಡ್ತಾರ. ದೋಣಿ ಇಳಸ್ತೀವಿ, ಕಾಯ್ಕೋ ಅಂತ ಎದುರಿಗೇ ನಿಂತು ಹೇಳ್ತಾರ. ನಡುವೆ ಯಾರೂ ಇಲ್ಲ, ಯಾರೂ ಸಾಯೂದಿಲ್ಲ.

ಮೊಮ್ಮಗಳು: ಅವರಿಗೆ ದೇವರು ದಂಡೆಯಲ್ಲೇ ಇದ್ದಾಳೆ, ಕಾಕಾ. ನೀರು ಕಾಲಿಗೆ ತಾಗುತ್ತೆ, ನೇರವಾಗಿ ಹೇಳಬಹುದು. ಖಾಡಿಯವಳನ್ನು ನಾನು ಹಾಗೇ ಬರೆಯುತ್ತೇನೆ. ಮಳೆಯವನು ದೂರ. ನೀರಿನ ಕೀಲಿ ಎಲ್ಲೋ ಇದ್ದು ಬಾಯಾರಿಕೆ ಇನ್ನೆಲ್ಲೋ ಇರುವ ಕಡೆ, ನಡುವೆ ಓಡಾಡುವವನು ಒಬ್ಬ ಬೇಕೇ ಬೇಕು. ಅವನೇ ನನ್ನ ಮೂರನೆಯ ದೇವರು. ಮಳೆ ಕೊಡುವ ಶಕ್ತಿ ಅವನಿಗಿಲ್ಲ, ನೋಡಿದ್ದನ್ನು ಮುಚ್ಚಿಡುವುದಕ್ಕೂ ಅವನಿಗೆ ಬರಲ್ಲ. ಪೂಜಾರಿಗಳು ಅವನನ್ನು ಪಲ್ಲಕ್ಕಿಯಲ್ಲಿ...

ಅಜ್ಜಿ: ಪೂಜಾರಿ ಬ್ಯಾಡ. ಪೂಜಾರಿ ಮುಟ್ಟಿದ್ರ ಅಂವ ಗುಡಿಯೊಳಗ ಕುಂತುಬಿಡತಾನ. ಊರು ಯಾವಾಗ ನೋಡಬೇಕು?

ಮೊಮ್ಮಗಳು: ಹಾಗಾದರೆ ಬಾವಿಯ ಸುತ್ತ ಹಗ್ಗ ಬಿಟ್ಟು ಸೇದುವವರೇ ಹೊರಲಿ. ಬುಟ್ಟಿ ಹೊತ್ತು, ನೀರಿನ ಪೈಪು ಹೋದ ದಾರಿ ಹಿಡಿದು ಗುಡ್ಡ ಇಳಿದು ನಗರಕ್ಕೆ ಬರಲಿ.

ಕಾಕಾ: ನಗರದಾಗ ಒಳಗ ಬಿಡಬೇಕಲ್ಲ? ಸೊಸೈಟಿ ಗೇಟಿನಾಗೇ ವಾಚ್‌ಮನ್ ನಿಲ್ಲಸ್ತಾನ, ಯಾರ ಮನಿಗೆ, ಫ್ಲಾಟ್ ನಂಬರ್ ಏನು ಅಂತಾನ.

ಮೊಮ್ಮಗಳು: ಬಿಡಲ್ಲ ಕಾಕಾ. ಕಥೆ ಆ ಗೇಟಿನಿಂದಲೇ ಶುರುವಾಗಲಿ.

ಅಜ್ಜಿ: ಮಾಡು. ಆದ್ರ ಅಂವಗ ಏಳೇ ದಿನ ಐತಿ ತಂಗಿ, ಗೇಟಿನಾಗ ಭಾಳ ಹೊತ್ತು ನಿಲ್ಲಿಸಬ್ಯಾಡ.