ಅರ್ಧ ಟಿಕೆಟ್ಟಿನ ವಯಸ್ಸು

ಬೇಸಿಗೆ ರಜೆ ಬಂತೆಂದರೆ ನಮ್ಮಲ್ಲಿ ಎಷ್ಟೋ ಮಕ್ಕಳ ವಯಸ್ಸು ಇಳಿದುಬಿಡುತ್ತದೆ. ಒಂದನೇ ತರಗತಿಗೆ ಸೇರಿಸುವಾಗ "ಆರು ತುಂಬಿತು ಸಾರ್" ಎಂದು ಎಳೆದೆಳೆದು ಏರಿಸುವ ವಯಸ್ಸೇ, ಅಜ್ಜಿಯ ಊರಿನ ಬಸ್ಸು ಹತ್ತುವಾಗ ಐದಾಗಿರುತ್ತದೆ. ಬಸ್ಸಿಳಿದು ಅಜ್ಜಿಯ ಮನೆಯ ಜಗಲಿ ಮುಟ್ಟಿದೊಡನೆ ಮತ್ತೆ ಆರು. "ನನ್ನ ಮೊಮ್ಮಗ ಎಷ್ಟು ದೊಡ್ಡವನಾದ!" ಎಂದು ಆಕೆ ದೃಷ್ಟಿ ತೆಗೆಯುವಾಗ ಐದು ಎಂದು ಹೇಳುವ ಮನಸ್ಸು ಯಾವ ತಾಯಿಗಿದ್ದೀತು?

ಲೆಕ್ಕ ನಮಗೆಲ್ಲ ಗೊತ್ತಿರುವುದೇ. ಸರ್ಕಾರಿ ಬಸ್ಸಿನಲ್ಲಿ 6 ವರ್ಷ ತುಂಬುವವರೆಗೆ ಮಗುವಿಗೆ ಟಿಕೆಟ್ ಬೇಡ. ಆಮೇಲೆ 12ರವರೆಗೆ ಅರ್ಧ. ರೈಲಿನಲ್ಲಿ ಈ ಗಡಿ 5 ವರ್ಷಕ್ಕೇ ಬರುತ್ತದೆ. ಅಲ್ಲಿ 2016ರ ಏಪ್ರಿಲ್‌ನಿಂದ, 5ರಿಂದ 12ರೊಳಗಿನ ಮಗುವಿಗೆ ಬೇರೆ ಬರ್ತ್ ಕಾಯ್ದಿರಿಸಿದರೆ ದೊಡ್ಡವರ ದರವನ್ನೇ ಕೊಡಬೇಕು. ಇಬ್ಬರು ಮಕ್ಕಳೊಂದಿಗೆ ಹಬ್ಬಕ್ಕೋ ರಜೆಗೋ ತವರಿಗೆ ಹೊರಟವಳ ಕೈಚೀಲದಲ್ಲಿ ಈ ಅರ್ಧ, ಪೂರ್ತಿಗಳ ಲೆಕ್ಕ ಸಣ್ಣದಲ್ಲ.

ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ವಿನಾಯಿತಿ ಬರುವುದಕ್ಕೆ ಬಹಳ ಮುಂಚಿನ ಮಾತು. ಹಾಸನದಿಂದ ಶಿವಮೊಗ್ಗಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ತಾಯಿ ಕೂತಿದ್ದಳು. ಮಡಿಲಲ್ಲಿ ಕೂಸು, ಕಾಲಡಿಯಲ್ಲಿ ಚೀಲ, ಕಿಟಕಿಯ ಬಳಿ ಚೂಟಿಯಾದ ಹುಡುಗ. ಕಂಡಕ್ಟರ್ ಬಂದು, "ಹುಡುಗನಿಗೆಷ್ಟು ವರ್ಷ ಅಮ್ಮಾ?" ಎಂದು ಕೇಳಿದ.

"ಐದು ಕಣಪ್ಪಾ, ಇನ್ನೂ ತುಂಬಿಲ್ಲ."

"ಇಲ್ಲಮ್ಮಾ, ನಂಗೆ ಆರಾಯ್ತಲ್ಲ! ಮೊನ್ನೆ ಪಾಯಸ ಮಾಡಿದ್ಯಲ್ಲ!" ಎಂದು ಹುಡುಗ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ.

ಸುತ್ತಲಿನವರು ನಕ್ಕರು. ಕಂಡಕ್ಟರೂ ನಗುತ್ತಲೇ ಅರ್ಧ ಟಿಕೆಟ್ ಹರಿದುಕೊಟ್ಟ. ಆತ ಮುಂದಕ್ಕೆ ಹೋದ ಮೇಲೆ ತಾಯಿ ಮಗನ ತೊಡೆಯನ್ನು ಬಲವಾಗಿ ಚಿವುಟಿದಳು. ಹುಡುಗ ಅಳಲಿಲ್ಲ, ತಾನು ಮಾಡಿದ ತಪ್ಪೇನೆಂದು ತಿಳಿಯದೆ ಅವಳ ಮುಖವನ್ನೇ ನೋಡಿದ. ಅವಳ ಯಜಮಾನರು ಮೂರು ಸಾಲು ಹಿಂದೆ ಕೂತು ಕಿಟಕಿಯಾಚೆಯ ತೆಂಗಿನ ತೋಟ ನೋಡುತ್ತಿದ್ದರು.

ಆ ತಾಯಿಯನ್ನು ಬೈಯಲು ನನಗೆ ಬಾಯಿ ಬಾರದು. ತಿಂಗಳ ಕೊನೆಗೆ ಮನೆಯ ಖರ್ಚು ಸರಿದೂಗಿಸುವ ಕೆಲಸ ಹೇಗೆ ಹೆಂಗಸಿನ ಪಾಲಿಗೆ ಬರುತ್ತದೋ, ಹಾಗೆಯೇ ಇಂಥ ಸುಳ್ಳು ಹೇಳುವ ಕೆಲಸವೂ ಅವಳ ಪಾಲಿಗೇ ಬರುತ್ತದೆ. ಉಳಿದ ದುಡ್ಡು ಮನೆಯವರೆಲ್ಲರದು. ಸಿಕ್ಕಿಬಿದ್ದಾಗಿನ ಅವಮಾನ ಮಾತ್ರ ಅವಳೊಬ್ಬಳದು. ಅವಳ ಸಮರ್ಥನೆಯಲ್ಲೂ ಹುರುಳಿಲ್ಲದಿಲ್ಲ. ಮಗು ಅರ್ಧ ದಾರಿ ತನ್ನ ತೊಡೆಯ ಮೇಲೇ ಕೂರುತ್ತದೆ. ಸಾವಿರಾರು ಬಸ್ಸು ಓಡಿಸುವ ಸರ್ಕಾರಕ್ಕೆ ಈ ನಾಲ್ಕು ಕಾಸಿನಿಂದ ಯಾವ ಕೊರತೆ?

ಸರ್ಕಾರಕ್ಕೆ ಕೊರತೆಯಾಗದಿರಬಹುದು. ಆದರೆ ಮುಂದಿನ ನಿಲ್ದಾಣದಲ್ಲಿ ಚೆಕಿಂಗ್‌ನವರು ಹತ್ತಿದರೆ ಟಿಕೆಟ್ ಏಕೆ ಕೊಡಲಿಲ್ಲವೆಂಬ ಪ್ರಶ್ನೆ ಕಂಡಕ್ಟರನ ಕೊರಳಿಗೆ ಬೀಳುತ್ತದೆ. ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಹಬ್ಬದ ದಿನ ನಾವು ಊರು ಸೇರಲೆಂದು ತನ್ನ ಹಬ್ಬ ಬಿಟ್ಟು ಬಂದವನು ಅವನು.

ಇದಕ್ಕಿಂತ ದೊಡ್ಡ ನಷ್ಟ ಮಗುವಿನದು. ಆರು ತುಂಬುವುದೆಂದರೆ ಅದಕ್ಕೆ ಒಂದು ರಾಜ್ಯ ಗೆದ್ದಂತೆ. ಬಸ್ಸಿನಲ್ಲಿ ನಾವು ಆ ರಾಜ್ಯವನ್ನು ಕಿತ್ತುಕೊಂಡು, ಅಜ್ಜಿಯ ಮನೆಯಲ್ಲಿ ಹಿಂದಕ್ಕೆ ಕೊಡುತ್ತೇವೆ. ಇದರಿಂದ ಅದು ಕಲಿಯುವ ಪಾಠ ಒಂದೇ: ನಿಜ ನಮ್ಮವರಿಗೆ, ಸುಳ್ಳು ಹೊರಗಿನವರಿಗೆ. ಈ ಪಾಠ ಕಲಿತ ಮಗು ಬೆಳೆದಂತೆ "ಹೊರಗಿನವರು" ಎಂಬ ಪಟ್ಟಿಯೂ ಬೆಳೆಯುತ್ತದೆ. ಮೊದಲು ಕಂಡಕ್ಟರ್, ಆಮೇಲೆ ಮೇಷ್ಟ್ರು, ಅಂಗಡಿಯವನು. ಒಂದು ದಿನ ನಾವೂ ಆ ಪಟ್ಟಿಗೆ ಸೇರಿದರೆ ಆಶ್ಚರ್ಯಪಡುವಂತಿಲ್ಲ.

ಅದೇ ಮಗುವಿಗೆ ರಾತ್ರಿ ಮಲಗಿಸುವಾಗ ನಾವು ಪುಣ್ಯಕೋಟಿಯ ಕಥೆ ಹೇಳುತ್ತೇವೆ. ಆ ಹಸು ಮಾತು ಉಳಿಸಿಕೊಂಡದ್ದು ಯಾರ ಬಳಿ? ಕರುವಿನ ಬಳಿಯಲ್ಲ, ದೊಡ್ಡಿಯ ಒಡನಾಡಿಗಳ ಬಳಿಯಲ್ಲ. ತನ್ನನ್ನು ತಿನ್ನಲು ಕಾದು ಕೂತ ಹುಲಿಯ ಬಳಿ! ನಮ್ಮವರಿಗೆ ನಿಜ ಹೇಳುವುದು ಅಂಥ ಕಷ್ಟವಲ್ಲ, ಅಲ್ಲಿ ಪ್ರೀತಿಯೇ ಹೇಳಿಸುತ್ತದೆ. ಸತ್ಯಕ್ಕೆ ಪರೀಕ್ಷೆ ಬರುವುದು ನಮಗೆ ಏನೂ ಅಲ್ಲದವರ ಎದುರಿಗೆ. ಕಂಡಕ್ಟರನಂತೂ ಹುಲಿಯೂ ಅಲ್ಲ.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಿಗೂ ಮಗಳಿಗೂ ದುಡ್ಡಿಲ್ಲ. ತವರಿನ ದಾರಿ ಎಷ್ಟೋ ಹೆಂಗಸರಿಗೆ ಹತ್ತಿರವಾಯಿತು. ಮಗನ ಅರ್ಧ ಟಿಕೆಟ್ ಮಾತ್ರ ಉಳಿದಿದೆ. ರಾಜಹಂಸದಂಥ ಬಸ್ಸುಗಳಲ್ಲಿ, ಖಾಸಗಿ ಬಸ್ಸುಗಳಲ್ಲಿ, ರೈಲಿನಲ್ಲಿ ಹಳೆಯ ಲೆಕ್ಕವೇ. ಹಾಗಾಗಿ ಹಳೆಯ ಪ್ರಶ್ನೆಯೂ ಉಳಿದೇ ಇದೆ.

ನಿಜಕ್ಕೂ ಕೈಯಲ್ಲಿ ದುಡ್ಡಿಲ್ಲದೆ, ತಾಯಿಗೆ ಕಾಯಿಲೆಯೆಂದು ಓಡಿಹೋಗುವವಳ ಸುಳ್ಳನ್ನು ತೂಗುವ ತಕ್ಕಡಿ ನನ್ನಲ್ಲಿಲ್ಲ. ಆ ಭಾರವನ್ನು ಅವಳೇ ಹೊರಲಿ, ದೇವರು ಕ್ಷಮಿಸಿಯಾನು. ಆದರೆ ಅದನ್ನು ಮಗುವಿನ ತಲೆಗೆ ಹೊರಿಸುವುದು ಬೇಡ. "ಯಾರಾದರೂ ಕೇಳಿದರೆ ಐದು ಅನ್ನು" ಎಂದು ಬಸ್ ನಿಲ್ದಾಣದಲ್ಲಿ ಕಿವಿಯೂದುವುದು ಬೇಡ. ಅದು ನಿಜ ಹೇಳಿಬಿಟ್ಟರೆ, ನಮ್ಮ ಮುಖ ಎಷ್ಟೇ ಕೆಂಪಾಗಲಿ, ಅದರ ತೊಡೆಗೆ ಕೈ ಹಾಕುವುದಂತೂ ಬೇಡವೇ ಬೇಡ. ನಿಜ ಹೇಳಿ ಪೆಟ್ಟು ತಿಂದ ಮಗು ಮುಂದೆ ನಮ್ಮ ಹತ್ತಿರ ಹೇಳದೆ ಮುಚ್ಚಿಡುವ ಸಂಗತಿಗಳ ಬೆಲೆ ಯಾವ ಟಿಕೆಟ್ಟಿಗಿಂತಲೂ ಹೆಚ್ಚು.

ಕೈಲಾದವರು ಇನ್ನೊಂದು ಮಾಡಿ ನೋಡಬಹುದು. ಆರು ತುಂಬಿದ ಮೇಲಿನ ಮೊದಲ ಪ್ರಯಾಣದಲ್ಲಿ ದುಡ್ಡನ್ನು ಮಗನ ಕೈಗೇ ಕೊಟ್ಟು, "ನಿನ್ನ ಟಿಕೆಟ್ ನೀನೇ ಕೇಳು" ಎನ್ನಿ. ಎದೆಯುಬ್ಬಿಸಿ "ಒಂದು ಅರ್ಧ ಕೊಡಿ" ಎಂದು ಕೇಳುವ ಅವನ ಮುಖ ನೋಡಿ. ಆ ಚೀಟಿಯನ್ನು ಅವನು ಅಜ್ಜಿಗೆ ತೋರಿಸದೆ ಇರುವುದಿಲ್ಲ.