ನೋಡುವವನ ಪಾಲು



ಹಿಂಸೆಗೆ ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಗೃಹಸ್ಥನ ಅಹಿಂಸಾಣುವ್ರತವನ್ನು ವಿವರಿಸುವಾಗ ಈ ಮೂರನ್ನೂ ಮುಚ್ಚಬೇಕೆಂದಿದ್ದಾರೆ. ಕೊಲ್ಲಲೂ ಕೊಲ್ಲಿಸಲೂ ಅಂಜುವ ಶ್ರಾವಕನು ಮೂರನೆಯದರಲ್ಲಿ ಮಾತ್ರ ಉದಾಸೀನನು. “ನಾನು ಸುಮ್ಮನೆ ನೋಡುತ್ತಿದ್ದೆ, ನನಗೇನು ಪಾಪ?” ಎನ್ನುತ್ತಾನೆ. ಈ ಮಾತಿಗೆ ಪ್ರಾಚೀನ ರೋಮ್ ನಗರವೇ ತಕ್ಕ ಒರೆಗಲ್ಲು.

ಕ್ರಿ.ಪೂ. 264ರಲ್ಲಿ ಅಲ್ಲಿನ ಮಕ್ಕಳಿಬ್ಬರು ತಂದೆಯ ಉತ್ತರಕ್ರಿಯೆಯಲ್ಲಿ ಮೂರು ಜೊತೆ ಗ್ಲೇಡಿಯೇಟರುಗಳನ್ನು, ಅಂದರೆ ಕತ್ತಿ ಹಿಡಿದ ಮಲ್ಲರನ್ನು, ಕಾದಾಡಿಸಿದರು. ಸತ್ತವರ ಗೌರವಕ್ಕೆಂದು ಬಂದ ಪದ್ಧತಿ ಬದುಕಿದವರ ವಿನೋದವಾಯಿತು. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿಯು ಕೊಲೊಸಿಯಂ ಮಹಾರಂಗವನ್ನು ತೆರೆದಾಗ 100 ದಿನ ಆಟ ನಡೆಯಿತು. ಟ್ರೇಜನ್ ನಡೆಸಿದ 123 ದಿನಗಳ ಉತ್ಸವದಲ್ಲಿ 10,000 ಮಲ್ಲರು ಕಾದಿದರೆಂದೂ 11,000 ಪ್ರಾಣಿಗಳು ಹತವಾದವೆಂದೂ ಇತಿಹಾಸಕಾರ ಡಿಯೊ ಬರೆದಿದ್ದಾನೆ. ಕಾದಿದವರಲ್ಲಿ ಬಹುಮಂದಿ ಗುಲಾಮರು, ಸೆರೆಯಾಳುಗಳು, ಅವರಿಗೆ ಅನ್ಯಮಾರ್ಗವಿರಲಿಲ್ಲ. ಕಲ್ಲಿನ ಸೋಪಾನಗಳ ಮೇಲೆ ಕುಳಿತ ಸಹಸ್ರಾರು ಗೃಹಸ್ಥರಿಗೆ ಇತ್ತು.

ಕ್ರೈಸ್ತ ಸಂತ ಆಗಸ್ಟೀನನು ತನ್ನ ಮಿತ್ರ ಅಲಿಪಿಯಸನ ಪ್ರಸಂಗವೊಂದನ್ನು ಹೇಳಿದ್ದಾನೆ. ಆ ಆಟಗಳನ್ನು ದ್ವೇಷಿಸುತ್ತಿದ್ದ ಅವನನ್ನು ಗೆಳೆಯರು ಬಲಾತ್ಕಾರದಿಂದ ಎಳೆದೊಯ್ದರು. ಅವನು ಕಣ್ಣು ಮುಚ್ಚಿ ಕುಳಿತನು; ಕಿವಿಯನ್ನು ಮುಚ್ಚಲಿಲ್ಲ. ಒಬ್ಬ ಮಲ್ಲನು ಬಿದ್ದಾಗ ಜನಸ್ತೋಮದ ಕೂಗೆದ್ದಿತು. ಕುತೂಹಲದಿಂದ ಕಣ್ತೆರೆದನು. ರಕ್ತವನ್ನು ಕಂಡೊಡನೆ ಅದರಲ್ಲೇ ದೃಷ್ಟಿ ನೆಟ್ಟು ತಾನೂ ಕೂಗಿದನು. ಮುಂದೆ ಇತರರನ್ನೂ ಕರೆದೊಯ್ಯುವವನಾದನು. ನಮ್ಮ ಆಚಾರ್ಯರು ಅನರ್ಥದಂಡದ ಐದು ಭೇದಗಳಲ್ಲಿ ಅಪಧ್ಯಾನ, ದುಃಶ್ರುತಿಗಳನ್ನು ಏಕೆ ಸೇರಿಸಿದರೆಂಬುದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೆ? ಚಿತ್ತವನ್ನು ಕಲುಷಗೊಳಿಸುವ ಶ್ರವಣವೇ ದುಃಶ್ರುತಿ. ಶ್ವೇತಾಂಬರಾಚಾರ್ಯ ಹೇಮಚಂದ್ರರಂತೂ ಯೋಗಶಾಸ್ತ್ರದಲ್ಲಿ ಜಂತುಗಳನ್ನು ಕಾದಾಡಿಸುವುದನ್ನು ಹೆಸರಿಸಿಯೇ ಪ್ರಮಾದಾಚರಣೆಯೆಂದಿದ್ದಾರೆ.

ರೋಮನ್ನರನ್ನು ಹಳಿದು ಸುಮ್ಮನಾಗುವುದು ಸುಲಭ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು ಮಹಾನವಮಿಯ ಮಲ್ಲಯುದ್ಧದಲ್ಲಿ ಹಲ್ಲು ಮುರಿದುದನ್ನೂ ಕಣ್ಣು ಕಳೆದುಹೋದುದನ್ನೂ ಬರೆದಿದ್ದಾನೆ. ಮೈಸೂರು ಅರಮನೆಯ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ರಕ್ತ ಒಸರಿದೊಡನೆ ನಿಲ್ಲುತ್ತದೆ. ರೋಮಿನ ಪದ್ಧತಿಗಿಂತ ಇದು ಬಹಳ ಮೇಲು. ಆದರೂ ನೆರೆದವರು ಕಾಯುವುದು ಆ ಮೊದಲ ಹನಿಯನ್ನೇ ಅಲ್ಲವೇ?

ಹರಿಯಬ್ಬೆಯ ನಮ್ಮಂಥ ಬಯಲುಸೀಮೆಯವರಿಗೆ ಟಗರಿನ ಕಾಳಗ ಅಪರಿಚಿತವಲ್ಲ. ವಿನೋದಕ್ಕಾಗಿ ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯಿದೆಯಂತೆ ಅಪರಾಧ. ಕಾಯಿದೆಯು ಕಾದಾಡಿಸುವವನನ್ನು ಹಿಡಿಯುತ್ತದೆ. ಸುತ್ತ ನಿಂತು ಶಿಳ್ಳೆ ಹಾಕುವವನ ಮನಸ್ಸನ್ನು ಹಿಡಿಯಲಾರದು. ಪ್ರೇಕ್ಷಕರಿಲ್ಲದ ಬಯಲಿನಲ್ಲಿ ಯಾರೂ ಟಗರುಗಳನ್ನು ಎದುರುಬದುರು ನಿಲ್ಲಿಸುವುದಿಲ್ಲ.

“ನಾನು ನೋಡಿದುದರಿಂದ ಯಾವ ಜೀವವೂ ಸಾಯಲಿಲ್ಲ” ಎನ್ನುವವರು ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನೆನೆಯಬೇಕು. ಅಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ಅದರಲ್ಲಿ ಜೀವವಿರಲಿಲ್ಲ, ಕೊಲ್ಲುವ ಸಂಕಲ್ಪವಿತ್ತು. ಅಷ್ಟಕ್ಕೇ ಯಶೋಧರನೂ ಅವನ ತಾಯಿಯೂ ಜನ್ಮಜನ್ಮಾಂತರ ತಿರ್ಯಗ್ಯೋನಿಗಳಲ್ಲಿ ತೊಳಲಿದರು.

ಚತುರ್ದಶಿಯಂದು ಪ್ರೋಷಧೋಪವಾಸ ಕೈಕೊಂಡವನು ಅಂಥ ಕಾಳಗದ ಮುಂದೆ ನಿಂತರೆ ಹೊಟ್ಟೆಗೆ ಉಪವಾಸ, ಕಣ್ಣಿಗೆ ಪಾರಣೆ. ಅನ್ನ ಬಿಟ್ಟ ಮಾತ್ರಕ್ಕೆ ವ್ರತ ನಿಂತಿತೆಂದು ತಿಳಿಯಲಾಗದು. ಹೋದವರು ಅಂದಿನ ಸಂಜೆಯೇ ಆಲೋಚನೆ, ಪ್ರತಿಕ್ರಮಣ ಮಾಡಿ, ಮತ್ತೆ ಹೋಗುವುದಿಲ್ಲವೆಂದು ಪ್ರತ್ಯಾಖ್ಯಾನ ಸ್ವೀಕರಿಸಲಿ. ಮಕ್ಕಳನ್ನು ಹೆಗಲ ಮೇಲೆ ಹೊತ್ತು ತೋರಿಸಿದವರು ಆ ಮಕ್ಕಳ ಎದುರಿನಲ್ಲಿಯೇ ಅದನ್ನು ಮಾಡಲಿ.